ಅಪ್‌ಡೇಟ್: ಕಿಡ್ನಿ ಕಸಿ ಆದ ಮ್ಯಾಲೆ ಬಿಕೆ ವೈರಸ್, ಗುಳಿಗಿ ಇಳಿಸಿದ್ದು ಯಾಕ?

ಹಿಂದೆ ಬೆಳಗಾವಿಯಿಂದ ಕೇಳಿದ್ದೆ: ಕಸಿ ಆದ ಅಣ್ಣನ ರಕ್ತದಾಗ ಬಿಕೆ ವೈರಸ್ ಕಂಡದ, ಜ್ವರ ಇಲ್ಲ, ನೋವಿಲ್ಲ, ಹೊಸ ಔಷಧ ಕೊಡೋದು ಬಿಟ್ಟು ಇದ್ದದ್ದನ್ನೇ ಯಾಕ ಇಳಿಸ್ಯಾರ?

ಉತ್ತರ ಸಿಕ್ಕದ. ಈ ವೈರಸ್ ಸಣ್ಣಂದಿನಿಂದಲೇ ಬಹುತೇಕರ ಮೂತ್ರಪಿಂಡದಾಗ ಸುಮ್ನ ಇರ್ತದ. ಕಸಿಯನ್ನ ದೇಹ ತಿರಸ್ಕರಿಸದಂಗ ಕೊಡೋ ಗುಳಿಗಿ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್; ಇವು ವೈರಸ್ ಜೊತಿ ಹೋರಾಡೋ ಟಿ ಜೀವಕೋಶಗಳನ್ನ (ಒಂದು ಬಗಿ ಬಿಳಿ ರಕ್ತಕಣ) ತಡೆದಾಗ ವೈರಸ್ ಎದ್ದು ಕುಂದರ್ತದ. ಅದನ್ನ ಖಚಿತವಾಗಿ ಕೊಲ್ಲೋ ಔಷಧ ಇನ್ನೂ ಇಲ್ಲ. ಅದಕ್ಕ ಗುಳಿಗಿ ಇಳಿಸಿ, ದೇಹದ ಕಾವಲಿನ ಮ್ಯಾಲಿನ ಹಿಡಿತ ಸ್ವಲ್ಪ ಸಡಿಲ ಮಾಡ್ತಾರ, ವೈರಸ್ಸನ್ನ ದೇಹವೇ ಹತ್ತಿಕ್ಕಲಿ ಅಂತ. ಸಾಮಾನ್ಯವಾಗಿ ಮೈಕೋಫಿನೋಲೇಟ್ ಅರ್ಧಕ್ಕ ಇಳಿಸ್ತಾರ, ಇಲ್ಲಾ ರಕ್ತದಾಗಿನ ಟ್ಯಾಕ್ರೋಲಿಮಸ್ ಮಟ್ಟ ತಗ್ಗಿಸ್ತಾರ. ಜಾಸ್ತಿ ಇಳಿಸಿದ್ರ ಕಸಿಯನ್ನೇ ದೇಹ ತಿರಸ್ಕರಿಸ್ತದ. ಹಂಗಾಗಿ ಕ್ರಿಯಾಟಿನಿನ್ (ಕಿಡ್ನಿ ಹೆಂಗ ಕೆಲಸ ಮಾಡ್ತದ ಅಂತ ತೋರಿಸೋ ರಕ್ತ ಪರೀಕ್ಷೆ) ವಾರ–ಎರಡು ವಾರಕ್ಕೊಮ್ಮೆ, ಪಿಸಿಆರ್ (ರಕ್ತದಾಗ ವೈರಸ್ ಎಷ್ಟದ ಅಂತ ಎಣಿಸೋ ಪರೀಕ್ಷೆ) 2ರಿಂದ 4 ವಾರಕ್ಕೊಮ್ಮೆ ಮಾಡ್ತಾರ. ಗುಳಿಗಿ ನಾವಾಗೇ ಮುಟ್ಟಬಾರದು, ಇದು ಬ್ಯಾರೆ ಹೇಳಬೇಕಿಲ್ಲ.

ಪಿಸಿಆರ್ ಯಾವಾಗಲೂ ಒಂದೇ ಲ್ಯಾಬ್‌ದಾಗ ಮಾಡಸ್ರಿ. ಒಮ್ಮೆ ಬೆಳಗಾವಿ, ಮುಂದ ಹುಬ್ಬಳ್ಳಿ ಅಂದ್ರ ಎರಡು ಅಂಕಿ ಹೋಲಿಸಾಕ ಬರಂಗಿಲ್ಲ. ವೈರಸ್ ಎಣಿಕೆ 20,000 ಇದ್ದದ್ದು 30,000 ಆದ್ರ ಗಾಬರಿ ಬ್ಯಾಡ, ಪರೀಕ್ಷೆಯೊಳಗೇ ಅಷ್ಟು ಏರುಪೇರು ಇರ್ತದ. 1 ಲಕ್ಷದಿಂದ 10,000ಕ್ಕ ಇಳಿದ್ರ ಅದು ನಿಜವಾದ ಇಳಿಕೆ.

ಟ್ಯಾಕ್ರೋಲಿಮಸ್ ಮಟ್ಟ ನೋಡಾಕ ರಕ್ತ ಕೊಡೋದು ಮುಂಜಾನಿ ಗುಳಿಗಿ ನುಂಗೋಕಿಂತ ಮೊದಲು. ಭೇದಿ ಇದ್ರ ಈ ಮಟ್ಟ ಏರಬಹುದು, ಡಾಕ್ಟರಿಗೆ ತಿಳಿಸ್ರಿ. ವೈರಸ್ ಇಳಿಯಾಕ ತಿಂಗಳುಗಟ್ಟಲೆ ಬೇಕಾಗ್ತದ.