ಜಾತ್ರೆಗೆ ನಾಟಕವೋ, ಪಾರಿಜಾತವೋ, ರಸಮಂಜರಿಯೋ? ಮಾಡಿಸಿದ ಅನುಭವ ಇದ್ದವರು ಹೇಳಿ

ಮುಧೋಳ ಕಡೆಯವ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ತಾಲೂಕಿನ ಸಣ್ಣ ಊರು. ಜಾತ್ರೆಗೆ ಇನ್ನು ಮೂರು ತಿಂಗಳಿದೆ. ಈ ಸಲ ರಾತ್ರಿ ಕಾರ್ಯಕ್ರಮದ ಜವಾಬ್ದಾರಿ ನನ್ನ ಕೊರಳಿಗೆ ಬಿದ್ದಿದೆ. ಹುಡುಗರಿಗೆ ರಸಮಂಜರಿ ಬೇಕು. ಹಿರಿಯರಿಗೆ ಶ್ರೀಕೃಷ್ಣ ಪಾರಿಜಾತದ ಬಯಲಾಟ ಬೇಕು. ನಡುವಯಸ್ಸಿನ ಏಳೆಂಟು ಮಂದಿ 'ನಾವೇ ನಾಟಕ ಆಡೋಣ' ಎಂದು ಹಟ ಹಿಡಿದಿದ್ದಾರೆ. ಪಟ್ಟಿ ಎತ್ತಿದ್ದು, ಗುಡಿಯದ್ದು ಸೇರಿ ಕೈಯಲ್ಲಿ 1,80,000 ರೂಪಾಯಿ ಇದೆ. ಎರಡು ರಾತ್ರಿ ತುಂಬಬೇಕು. ಏನು ಮಾಡಲಿ?

ಬಣ್ಣ ಹಚ್ಚಿದವ

ನಾಟಕ ಆಡಿ. ಬೇರೆ ಮಾತೇ ಬೇಡ. ನಾವು 2023ರಲ್ಲಿ ಆಡಿದೆವು. ಲೆಕ್ಕ ಇನ್ನೂ ಬಾಯಿಪಾಠ ಇದೆ.

ಮಾಸ್ತರರಿಗೆ ಎರಡು ತಿಂಗಳ ತಾಲೀಮಿಗೆ 35,000. ಚಹಾ, ಎಲೆ-ಅಡಿಕೆ ನಮ್ಮ ನಮ್ಮ ಮನೆಯಿಂದ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಮೂವರು. ನಾಯಕಿಗೆ 12,000, ಉಳಿದಿಬ್ಬರಿಗೆ ಒಂಬತ್ತೊಂಬತ್ತು ಸಾವಿರ. ಪೇಟಿ, ತಬಲಾ, ಕ್ಯಾಸಿಯೋ ಸೇರಿ 18,000. ಸ್ಟೇಜು, ಸೀನರಿ 20,000. ಅದರಲ್ಲೂ ಅರಮನೆ ಸೀನ್ ನಮ್ಮದೇ ಇತ್ತು. ಎಡಗಡೆ ಕಂಬದ ಮೇಲೆ ನವಿಲು ಕೂತಿರುವ ಪರದೆ. ಅಂಥದ್ದು ಈಗ ಬಾಡಿಗೆಗೆ ಎಲ್ಲೂ ಸಿಗುವುದಿಲ್ಲ. ಮೈಕು, ಲೈಟು 15,000. ಪೋಸ್ಟರ್ 6,500. ಖಳನಾಯಕನ ಫೋಟೋ ನಾಯಕನದಕ್ಕಿಂತ ದೊಡ್ಡದು ಬಂತೆಂದು ಎರಡನೇ ಸಲ ಮುದ್ರಿಸಿದ್ದೂ ಇದರಲ್ಲೇ ಬಂತು. ಊಟ 14,000. ಒಟ್ಟು 1,38,500.

ಇನ್ನು ಬಂದದ್ದು. ನಾಯಕನ ಪಾತ್ರ ಹಿಡಿದವನು 20,000 ಕೊಟ್ಟ. ಖಳನಾಯಕ 15,000, ಹಾಸ್ಯದವನು 10,000, ಸಣ್ಣ ಪಾತ್ರದ ಐವರು ಐದೈದು ಸಾವಿರ. ಜಾತ್ರಾ ಕಮಿಟಿ 40,000. ಸ್ಟೇಜ್ ಮೇಲೆ ಬಂದ ಆಯೇರಿ, ಅಂದರೆ ಉಡುಗೊರೆ ದುಡ್ಡು, 11,300. ಉಳಿದ 17,200 ನನ್ನ ಕೈಯಿಂದ ಹೋಯಿತು. ಮನೆಯಲ್ಲಿ ಇವತ್ತಿಗೂ 7,000 ಅಂತಲೇ ಹೇಳಿದ್ದೇನೆ.

ತೊಂದರೆ ಇಲ್ಲ ಅಂತ ಹೇಳುವುದಿಲ್ಲ. ಮೂರನೇ ವಾರದಲ್ಲಿ ಮಾಸ್ತರರು ಇನ್ನೊಂದು ಊರಿನ ನಾಟಕ ಹಿಡಿದು ನಾಲ್ಕು ದಿನ ಫೋನ್ ಎತ್ತಲಿಲ್ಲ. ತಂದೆಯ ಪಾತ್ರದವನಿಗೆ ಕಬ್ಬು ಕಡಿಯುವ ಪಾಳಿ ಬಂತು, ಅವನು ಹದಿನೈದು ದಿನ ತಾಲೀಮಿಗೆ ಬರಲಿಲ್ಲ. ನಾಟಕದ ದಿನ ನಾಯಕ ಸಾಯುವ ಸೀನಿಗೆ ಸರಿಯಾಗಿ ಅವನ ಬೀಗರು ಉಂಗುರ ಹಿಡಿದು ಸ್ಟೇಜ್ ಹತ್ತಿದರು. ಸತ್ತವನು ಎದ್ದು ಕೂತು ಉಂಗುರ ಹಾಕಿಸಿಕೊಂಡ. ಮೈಕಿನಲ್ಲಿ ಬೀಗರ ಹೆಸರು ಕೂಗಿಸಿ ಮತ್ತೆ ಮಲಗಿದ. ಆದರೂ ಬೆಳಗಿನ ಐದರವರೆಗೆ ಒಬ್ಬರೂ ಏಳಲಿಲ್ಲ ನೋಡಿ.

ಜಮಖಂಡಿ ಹುಡುಗ

ರಸಮಂಜರಿ ಮಾತ್ರ ತರಬೇಡಿ. ತಂದವನು ನಾನು, ಅನುಭವಿಸಿದವನೂ ನಾನೇ.

1,10,000ಕ್ಕೆ ಮಾತಾಯಿತು. 40,000 ಮುಂಗಡ ಕೊಟ್ಟೆವು. ಟಿವಿಯಲ್ಲಿ ಹಾಡಿದ ಗಾಯಕಿ ಬರುತ್ತಾರೆ ಎಂದು ಬ್ಯಾನರ್ ಮಾಡಿಸಿದೆವು. ಹನ್ನೆರಡು ಬ್ಯಾನರ್, 7,200. ಸಂಜೆ ಆರಕ್ಕೆ ಫೋನ್ ಬಂತು: ಅವರಿಗೆ ಗಂಟಲು ಸರಿ ಇಲ್ಲ, ಅವರ ಜಾಗಕ್ಕೆ ಬೇರೆಯವರು. ಆ ಬೇರೆಯವರು ಎರಡು ಹಾಡು ಹಾಡಿ ಮೊಬೈಲ್ ನೋಡುತ್ತಾ ಕೂತರು. ಜನ ಕುರ್ಚಿ ಎಸೆಯಲು ಶುರು ಮಾಡಿದರು. 37 ಕುರ್ಚಿ ಮುರಿದವು. ಶಾಮಿಯಾನದವನು ಒಂದಕ್ಕೆ 450 ಹಚ್ಚಿದ, 16,650 ಆಯಿತು. 'ಹಳೇ ಕುರ್ಚಿ, ಅರ್ಧ ತಗೋ ಮಾರಾಯಾ' ಎಂದರೆ ಮುರಿದ ಕಾಲುಗಳನ್ನು ಚೀಲದಲ್ಲಿ ತುಂಬಿಕೊಂಡು ನಮ್ಮ ಮನೆ ಕಟ್ಟೆ ಮೇಲೆ ಸುರಿದು ಹೋದ. ನಮ್ಮ ಅವ್ವ ಇನ್ನೂ ಅವುಗಳನ್ನು ಟೊಮೆಟೊ ಗಿಡಕ್ಕೆ ಊರುಗೋಲು ಮಾಡಿದ್ದಾಳೆ.

ನಿವೃತ್ತ ಗುಮಾಸ್ತ

ಬೆಳಗಿನ ಐದರವರೆಗೆ ಮೈಕ್ ಹಚ್ಚಿದೆವು ಎಂದು ಹೆಮ್ಮೆಯಿಂದ ಬರೆದವರಿಗೆ ಒಂದು ಮಾತು. 2000ದ ಶಬ್ದ ಮಾಲಿನ್ಯ ನಿಯಮ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಸರ್ಕಾರ ಸಡಿಲಿಕೆ ಕೊಟ್ಟರೂ 12ರವರೆಗೆ ಮಾತ್ರ. ಅದೂ ವರ್ಷಕ್ಕೆ 15 ದಿನ ಮೀರುವಂತಿಲ್ಲ.

ನಾನು ಕಮಿಟಿಯಲ್ಲಿದ್ದಾಗ ಯಾರೂ ಕೇಳಲಿಲ್ಲ. 12.40ಕ್ಕೆ ಪೊಲೀಸರು ಮೈಕ್ ಸೆಟ್ ಎತ್ತಿಕೊಂಡು ಹೋದರು. ಆಂಪ್ಲಿಫೈಯರ್ ಎರಡು, ಬಾಕ್ಸ್ ನಾಲ್ಕು. ಬಿಡಿಸಿಕೊಳ್ಳಲು ಹನ್ನೊಂದು ದಿನ ತಿರುಗಿದೆ. ಮೈಕಿನವನು ಆ ಹನ್ನೊಂದು ದಿನದ ಬಾಡಿಗೆ ನನ್ನಿಂದಲೇ ವಸೂಲು ಮಾಡಿದ, ದಿನಕ್ಕೆ 1,200ರಂತೆ 13,200. ಕಮಿಟಿಯ ಉಳಿದವರು ಅವತ್ತಿನಿಂದ ದಾರಿಯಲ್ಲಿ ಸಿಕ್ಕರೂ ಮಾತಾಡಿಸುವುದಿಲ್ಲ.

ಬಣ್ಣ ಹಚ್ಚಿದವ

ಅಜ್ಜಾರೆ, 10ಕ್ಕೆ ನಮ್ಮ ಕಡೆ ಜನ ಊಟ ಮಾಡಿ ಮನೆ ಬಿಡುತ್ತಾರೆ. ನಾಂದಿ ಮುಗಿಯುವಷ್ಟರಲ್ಲೇ ನಿಮ್ಮ 12 ಆಗುತ್ತದೆ.

ನಿವೃತ್ತ ಗುಮಾಸ್ತ

ಹಾಗಾದರೆ 7ಕ್ಕೆ ಶುರು ಮಾಡಿ. ನಾಟಕಕ್ಕೆ ಎರಡು ತಿಂಗಳು ತಾಲೀಮು ಮಾಡುವವರಿಗೆ ಊಟ ಬೇಗ ಮಾಡುವ ತಾಲೀಮು ಆಗುವುದಿಲ್ಲವೇ?

ಗೋಕಾಕ ಕರದಂಟು

ಪಾರಿಜಾತದ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಆಶ್ಚರ್ಯ. ನಮ್ಮೂರಲ್ಲಿ ಮೂರು ವರ್ಷದಿಂದ ಪಾರಿಜಾತವೇ. ತಂಡದಲ್ಲಿ ಹನ್ನೆರಡು ಜನ, 28,000. ಕ್ರೂಸರ್ ಬಾಡಿಗೆ 4,500. ಊಟ ನಮ್ಮ ಮನೆಯಲ್ಲೇ: ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಹಿಂಡಿ. ಸೀನರಿ ಬೇಡ, ಕ್ಯಾಸಿಯೋ ಬೇಡ. ಬಯಲಿದ್ದರೆ ಸಾಕು.

ನಿಜ ಹೇಳುತ್ತೇನೆ, ಮೊದಲ ವರ್ಷ ಅವಮಾನ ಆಯಿತು. ಗೊಲ್ಲತಿ ಬಂದು ಹೋಗುವವರೆಗೆ ಜನ ಇದ್ದರು. ಸತ್ಯಭಾಮೆ ಮುನಿಸಿಕೊಳ್ಳುವ ಹೊತ್ತಿಗೆ ಎಣಿಸಿದರೆ ಮೂವತ್ತು ಮಂದಿ. ಅದರಲ್ಲಿ ಅರ್ಧ ನಿದ್ದೆಯಲ್ಲಿ. ನಮ್ಮ ಅಣ್ಣನೇ 'ಈ ದುಡ್ಡಿನಲ್ಲಿ ಒಂದು ಹೋರಿ ಬರುತ್ತಿತ್ತು' ಎಂದ. ಎರಡನೇ ವರ್ಷ ಭಾಗವತರಿಗೆ ಹೇಳಿದೆ: ದೂತಿಯ ಹಾಸ್ಯ ಜಾಸ್ತಿ ಮಾಡಿ, ನಮ್ಮೂರ ಸುದ್ದಿ ಸೇರಿಸಿ ಅಂತ. ದೂತಿ ನಮ್ಮೂರ ಕುಡಿಯುವ ನೀರಿನ ಘಟಕ ಕೆಟ್ಟಿದ್ದನ್ನು ಎತ್ತಿಕೊಂಡಳು. ಜನ ಬಿದ್ದು ಬಿದ್ದು ನಕ್ಕರು. ಮರುದಿನ ಘಟಕ ರಿಪೇರಿಯಾಯಿತು. ರಸಮಂಜರಿಯಿಂದ ಏನು ರಿಪೇರಿಯಾಗಿದೆ ಹೇಳಿ?

ಇದು ನಮ್ಮ ನೆಲದ ಆಟ. ಕುಲಗೋಡ ತಮ್ಮಣ್ಣ ಬೆಳೆಸಿದ್ದು. ಹೆಣ್ಣುಮಕ್ಕಳು ಹೊಸ್ತಿಲು ದಾಟದ ಕಾಲದಲ್ಲಿ ಕೌಜಲಗಿ ನಿಂಗಮ್ಮ ಆಡಿದ್ದು. ಎರಡೂ ಊರು ನಮ್ಮ ಕಡೆಯವೇ. ಬಾಗಲಕೋಟೆಯವರು ಬರೀ ನೋಡಲು ಕಲಿತರೂ ಸಾಕು.

ಜಮಖಂಡಿ ಹುಡುಗ

ಕೊನೆಯ ಮಾತು ಬೇಡವಾಗಿತ್ತು. ಕುಲಗೋಡ ತಮ್ಮಣ್ಣನಿಗಿಂತ ಮೊದಲು ಅಪರಾಳ ತಮ್ಮಣ್ಣನ ಹಾಡುಗಳಿದ್ದವು, ಗೊತ್ತಿರಲಿ. ಬಯಲಾಟ ಅಕಾಡೆಮಿ ಇರುವುದೂ ಬಾಗಲಕೋಟೆಯಲ್ಲಿ. ಗೋಕಾಕದಲ್ಲಲ್ಲ.

ಗೋಕಾಕ ಕರದಂಟು

ಆಫೀಸ್ ಇದ್ದಲ್ಲಿ ಆಟ ಹುಟ್ಟುತ್ತದಾ? 37 ಕುರ್ಚಿ ಮುರಿಸಿದವರು ಕಲೆಯ ಬಗ್ಗೆ ಪಾಠ ಹೇಳಬೇಡಿ.

ಜಮಖಂಡಿ ಹುಡುಗ

ಮೂವತ್ತು ಮಂದಿ ಕೂಡಿಸಿದವರಿಗಿಂತ ಮೇಲು. ನನಗೆ ಕುರ್ಚಿ ಮುರಿಯುವಷ್ಟಾದರೂ ಜನ ಬಂದಿದ್ದರು.

ಗುಮ್ಮಟ ನಗರಿ

ಜಗಳ ಬಿಡಿ. ವಿಜಯಪುರದಲ್ಲಿ ಕಂದಗಲ್ ಹನುಮಂತರಾಯರ ಹೆಸರಿನ ರಂಗಮಂದಿರದಲ್ಲಿ ನಾಟಕ ನೋಡಿ ಬೆಳೆದವನು ನಾನು. ನನ್ನ ಸಲಹೆ, ಊರಲ್ಲಿ ಏನೂ ಮಾಡಿಸಬೇಡಿ. ಬನದ ಹುಣ್ಣಿಮೆಗೆ ಎಲ್ಲರನ್ನೂ ಟೆಂಪೋದಲ್ಲಿ ಹೇರಿಕೊಂಡು ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ. ವಾರಗಟ್ಟಲೆ ಕಂಪನಿ ನಾಟಕಗಳು ಸಾಲಾಗಿ ಥೇಟರು ಹಾಕಿರುತ್ತವೆ. ಟಿಕೆಟ್ ತಗೊಂಡು ನೋಡಿ ಬನ್ನಿ.

ನಾನೂ ಒಮ್ಮೆ ಕಂಪನಿ ಕರೆಸಲು ಹೋಗಿ ಕೈ ಸುಟ್ಟುಕೊಂಡವನು. ಥೇಟರಿಗೆ ಜಾಗ ಕೊಡಿಸಿದೆ, ನೆಲ ಸಮ ಮಾಡಿಸಿದೆ, ಜೆಸಿಬಿಗೆ ಆರು ತಾಸಿಗೆ 6,600. ನಾಲ್ಕನೇ ದಿನ ಅಡ್ಡ ಮಳೆ. ಕಂಪನಿಯ ಇಪ್ಪತ್ತೆರಡು ಜನರಿಗೆ ಮೂರು ದಿನ ಊಟ ಹಾಕಿದೆ. ಕಲಾವಿದರನ್ನು ಉಪವಾಸ ಕೂಡಿಸಲು ಆಗುತ್ತದಾ? ಹಾಸ್ಯ ಕಲಾವಿದ ನಮ್ಮ ಪಡಸಾಲೆಯಲ್ಲಿ ಮಲಗಿ, ನಮ್ಮಪ್ಪನನ್ನು ನಗಿಸಿದ್ದಷ್ಟೇ ಲಾಭ.

ಇಳಕಲ್ ಸೀರೆ

ಬರೆಯಬಾರದು ಅಂದುಕೊಂಡಿದ್ದೆ. ಆದರೆ ಮೇಲೆ ಒಬ್ಬ ಅಣ್ಣಾರು 'ಹೊರಗಿನಿಂದ ಮೂವರು' ಎಂದು ಮೈಕು-ಲೈಟಿನ ಸಾಲಿನಲ್ಲೇ ಬರೆದಿದ್ದಾರೆ. ಆ ಮೂವರಂಥವಳು ನಾನು. ಹದಿನಾರು ವರ್ಷದಿಂದ ಊರೂರು ತಿರುಗುತ್ತೇನೆ.

12,000ದಲ್ಲಿ ನನಗೆ ಉಳಿಯುವುದನ್ನು ಹೇಳುತ್ತೇನೆ. ಏಜೆಂಟನಿಗೆ 1,500. ಬಣ್ಣ, ಕೂದಲು, ಒಡವೆ ಸೆಟ್ ಬಾಡಿಗೆ 900. ಒಂದು ನಾಟಕಕ್ಕೆ ಆರು ಸೀರೆ ಬದಲಿಸಬೇಕು, ಯಾರೂ ಕೊಡಿಸುವುದಿಲ್ಲ. ಒಂದು ಊರಲ್ಲಿ ಪರದೆ ಹಿಂದಿನ ಫೋಕಸ್ ಲೈಟಿಗೆ ಸೆರಗು ತಾಗಿ 3,400ರ ಸೀರೆ ಸುಟ್ಟಿತು. 'ನೋಡಿಕೊಂಡು ನಿಲ್ಲಬೇಕಿತ್ತು ಅಕ್ಕಾರೆ' ಎಂದರು. 2023ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ ಆಯಿತು, ನಿಜ. ಆದರೆ ನಾಟಕ ಮುಗಿಯುವುದು ನಸುಕಿನಲ್ಲಿ. ಆ ಹೊತ್ತಿಗೆ ನಿಮ್ಮ ಹಳ್ಳಿಯಿಂದ ಯಾವ ಬಸ್ಸು? ಗಾಡಿ ಮಾಡಿಕೊಂಡು ಬಂದರೆ 1,800. ಮಲಗಲು ಜಾಗ ಎಂದರೆ ಸಾಲಿ ಖೋಲಿ, ಚಿಲಕ ಇರುವುದಿಲ್ಲ.

ನಿಮ್ಮ ನಾಯಕ ಎರಡು ತಿಂಗಳು ಕಲಿತೂ ಮಾತು ಮರೆಯುತ್ತಾನೆ. ನನಗೆ ಹಾಳೆ ಸಿಗುವುದು ಹಿಂದಿನ ದಿನ. ನನ್ನ ಮಾತು ನಾನು ಹೇಳಿ, ಅವನ ಮಾತನ್ನು ಅವನ ಕಿವಿಯಲ್ಲಿ ಹೇಳಬೇಕು. ಅದಕ್ಕೆ ಆಯೇರಿ ಮಾತ್ರ ಅವನಿಗೆ! ಒಂದು ಊರಲ್ಲಿ 10,000ಕ್ಕೆ ಒಪ್ಪಿ, ಬೆಳಿಗ್ಗೆ 8,500 ಕೈಗಿಟ್ಟರು. ನಡುವೆ ಒನ್ಸ್ ಮೋರ್ ಅಂದಾಗ ನಾನು ಮೂರನೇ ಸಲ ಕುಣಿಯಲಿಲ್ಲವಂತೆ. ನಾಲ್ಕು ವರ್ಷವಾಯಿತು, ಆ ಒಂದೂವರೆ ಸಾವಿರ ಇನ್ನೂ ಕಣ್ಣ ಮುಂದೆ ಇದೆ.

ಮುಧೋಳದ ಅಣ್ಣಾರೆ, ಯಾವ ಆಟ ಆಡಿಸುತ್ತೀರೋ ಬಿಡುತ್ತೀರೋ. ಬಣ್ಣ ಹಚ್ಚುವ ಮೊದಲೇ ಪೂರ್ತಿ ದುಡ್ಡು ಕೊಡಿ.

ಗೋಕಾಕ ಕರದಂಟು

ಅದಕ್ಕೇ ಊರಿನ ಹೆಣ್ಣುಮಕ್ಕಳಿಗೇ ಕಲಿಸಬೇಕು ಅನ್ನುವುದು.

ಇಳಕಲ್ ಸೀರೆ

ಕಲಿಸಿ. ಮೊದಲು ನಿಮ್ಮ ಮನೆಯಿಂದ ಯಾರನ್ನು ಕಳಿಸುತ್ತೀರಿ ಹೇಳಿ.

ಹಳೇ ಪೇಟಿ

ಮೂರು ದಿನದಿಂದ ಸುಮ್ನೆ ಓದುತ್ತಿದ್ದೇನೆ. ಬಣ್ಣ ಹಚ್ಚಿದವರೇ, ಒಂದು ಪ್ರಶ್ನೆ. ಆ ಅರಮನೆ ಪರದೆಯ ನವಿಲಿಗೆ ಒಂದು ಕಣ್ಣು ಇಲ್ಲ ಅಲ್ವಾ?

ಬಣ್ಣ ಹಚ್ಚಿದವ

ಹಳೇ ಪರದೆ. ಬಣ್ಣ ಉದುರಿರಬಹುದು.

ಹಳೇ ಪೇಟಿ

ಉದುರಿದ್ದಲ್ಲ. 2011ರಲ್ಲಿ ನಮ್ಮ ಸಂಘದ ಪೆಟ್ಟಿಗೆಯಲ್ಲಿ ಇಲಿ ಕಡಿದದ್ದು. ಹಿಂದಿನಿಂದ ನಮ್ಮ ಅವ್ವ ಹಳದಿ ದಾರದಲ್ಲಿ ಹೊಲಿದಿದ್ದಾಳೆ. 2019ರ ಜಾತ್ರೆಗೆ ನಿಮ್ಮೂರಿನವರು 'ಎರಡೇ ದಿನ' ಎಂದು ಟ್ರ್ಯಾಕ್ಟರಿನಲ್ಲಿ ಒಯ್ದರು. ಅರಮನೆ ಒಂದು, ಕಾಡು ಒಂದು. ಆಮೇಲೆ ಆಗಸ್ಟಿನಲ್ಲಿ ಹೊಳೆ ಬಂತು. ಪರದೆ ನೀರಿನಲ್ಲಿ ಹೋಯಿತು ಅಂದಿರಿ. ನಾವೂ ನಂಬಿದೆವು. ಪಾಪ, ಮನೆಯೇ ಹೋದವರಿಗೆ ಪರದೆ ಕೇಳುವುದೇ ಎಂದು ಸುಮ್ಮನಾದೆವು. ನೀರಿನಲ್ಲಿ ಹೋದ ನವಿಲು 2023ರಲ್ಲಿ ನಿಮ್ಮ ಸ್ಟೇಜ್ ಮೇಲೆ ಹೇಗೆ ಬಂತು?

ಬಣ್ಣ ಹಚ್ಚಿದವ

ಹೊಳೆ ಬಂದದ್ದು ಸುಳ್ಳಾ? 2019ರಲ್ಲಿ ಘಟಪ್ರಭೆ ಏನು ಮಾಡಿತು ಜಿಲ್ಲೆಗೇ ಗೊತ್ತು. ಕಾಡಿನ ಸೀನ್ ನಿಜವಾಗಿಯೂ ಹೋಯಿತು. ಅರಮನೆ ಅಟ್ಟದ ಮೇಲಿತ್ತು, ಆಮೇಲೆ ಸಿಕ್ಕಿತು. ಒಗೆಸಿ, ಒಣಗಿಸಿ, ಬೊಂಬು ಹಾಕಿಸಲು 2,300 ಖರ್ಚು ಮಾಡಿದ್ದೇನೆ. ಅದನ್ನು ಯಾರು ಕೊಡುತ್ತಾರೆ?

ಮುಧೋಳ ಕಡೆಯವ

ಎಲ್ಲರಿಗೂ ಧನ್ಯವಾದ. ಅಕ್ಕಾರ ಮಾತು ಬರೆದಿಟ್ಟುಕೊಂಡೆ. ಒಂದು ರಾತ್ರಿ ಪಾರಿಜಾತ, ಒಂದು ರಾತ್ರಿ ನಾಟಕ ಎಂದು ಮಾಡಿದರೆ 1,80,000ದಲ್ಲಿ ಆಗುತ್ತದಾ? ಗುಮಾಸ್ತರು ಹೇಳಿದಂತೆ 7ಕ್ಕೆ ಶುರು ಮಾಡಿದರೆ ಜನ ಬರುತ್ತಾರಾ?

ಹಳೇ ಪೇಟಿ

ತಮ್ಮಾ, ಸ್ವಲ್ಪ ತಡಿ. 2,300 ಕೊಡುತ್ತೇನೆ ಬಣ್ಣ ಹಚ್ಚಿದವರೇ, ಬೊಂಬಿನ ರಶೀದಿ ತೋರಿಸಿ. ಹಾಗೇ 2019ರಿಂದ ಇಲ್ಲಿಯವರೆಗೆ ಪರದೆ ಬಾಡಿಗೆ ಎಷ್ಟಾಯಿತು, ಅದನ್ನೂ ಕೂಡಿಸೋಣ. ರವಿವಾರ ಬರುತ್ತೇನೆ. ಅವ್ವನನ್ನೂ ಕರೆದುಕೊಂಡು ಬರುತ್ತೇನೆ, ಹಳದಿ ದಾರ ಅವಳೇ ಗುರುತು ಹಿಡಿಯಲಿ.