ಪದಚರ್ಚೆ: ‘ಕ್ಷಿಪ್ರಕ್ರಾಂತಿ’ಯಲ್ಲಿ ಕ್ರಾಂತಿ ಎಲ್ಲಿದೆ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಪದ ‘ಕ್ಷಿಪ್ರಕ್ರಾಂತಿ’. ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿ ತಾನೇ ಅಧಿಕಾರ ಹಿಡಿದರೆ ಕನ್ನಡ ಪತ್ರಿಕೆಗಳಲ್ಲಿ ಸಾಮಾನ್ಯವಾಗಿ ಬರುವುದು ಇದೇ ಪದ. ನಾನೂ ಇಷ್ಟು ವರ್ಷ ಹೆಚ್ಚು ಯೋಚಿಸದೆ ಬಳಸಿದ್ದೇನೆ. ಈಗ ಮನಸ್ಸು ಒಪ್ಪುತ್ತಿಲ್ಲ.

ಆದದ್ದು ಹೀಗೆ. ಮುಂಬೈಯ ಮಾಟುಂಗಾದಲ್ಲಿ ನಾವು ಹದಿನೈದಿಪ್ಪತ್ತು ಜನ ಕನ್ನಡಿಗರು ತಿಂಗಳಿಗೊಮ್ಮೆ ಸೇರುತ್ತೇವೆ. ಪ್ರತಿ ಸಲ ಒಬ್ಬರು ಯಾವುದಾದರೂ ವಿಷಯ ಓದಿಕೊಂಡು ಬಂದು ಕನ್ನಡದಲ್ಲಿ ಹೇಳಬೇಕು. ಈ ಸಲ ಸರದಿ ನನ್ನದು. ಏಷ್ಯಾದ ಈಚಿನ ರಾಜಕೀಯದ ಬಗ್ಗೆ ತಜ್ಞರು ಬರೆದದ್ದನ್ನು ಓದಿ, ಡೊಂಬಿವಲಿಯಿಂದ ಬರುವಾಗ ಲೋಕಲ್‌ನಲ್ಲೇ ಟಿಪ್ಪಣಿ ತಿದ್ದಿಕೊಂಡಿದ್ದೆ. ಮ್ಯಾನ್ಮಾರ್ ವಿಷಯ ಬಂದಾಗ ‘2021ರ ಫೆಬ್ರವರಿ 1ರ ಕ್ಷಿಪ್ರಕ್ರಾಂತಿ’ ಅಂದೆ. ಮುಂದಿನ ಸಾಲಿನಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರು ಕೂತಿದ್ದರು. ಫೋರ್ಟ್‌ನಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿದವರು. ಕೈ ಎತ್ತಿ ಕೇಳಿದರು: “ಕ್ರಾಂತಿ ಅಂದ್ರೆ ಒಳ್ಳೆಯದಲ್ವಾ ಮಾರಾಯ್ರೆ? ಓಟಿನಲ್ಲಿ ಗೆದ್ದವರನ್ನು ಮಿಲಿಟ್ರಿಯವರು ಹಿಡಿದು ಒಳಗೆ ಹಾಕಿದ್ದು ಹೇಗೆ ಕ್ರಾಂತಿ ಆಗ್ತದೆ?”

ನನಗೆ ಉತ್ತರ ಹೊಳೆಯಲಿಲ್ಲ. ವಾಪಸು ಬರುವಾಗ ರೈಲಿನ ತುಂಬ ಅದೇ ತಲೆಯಲ್ಲಿ ಸುತ್ತುತ್ತಿತ್ತು.

ಅವರು ಹೇಳಿದ್ದು ಸರಿ. ಕನ್ನಡದಲ್ಲಿ ‘ಕ್ರಾಂತಿ’ ಗೌರವದ ಪದ. ಕಲ್ಯಾಣ ಕ್ರಾಂತಿ ಅನ್ನುತ್ತೇವೆ. ಹಸಿರು ಕ್ರಾಂತಿ ಅನ್ನುತ್ತೇವೆ. ಮುಂಬೈಯಲ್ಲಂತೂ ಈ ಪದಕ್ಕೆ ಒಂದು ಮೈದಾನವೇ ಇದೆ. 1942ರ ಆಗಸ್ಟ್ 8ರಂದು ಗಾಂಧೀಜಿ ‘ಮಾಡು ಇಲ್ಲವೇ ಮಡಿ’ ಎಂದ ಗೋವಾಲಿಯಾ ಟ್ಯಾಂಕ್ ಈಗ ಆಗಸ್ಟ್ ಕ್ರಾಂತಿ ಮೈದಾನ. ಆ ಪದವನ್ನೇ ಟ್ಯಾಂಕ್ ತಂದು ಸಂಸತ್ತಿಗೆ ಬೀಗ ಹಾಕಿದ ಜನರಲ್‌ಗಳಿಗೂ ಕೊಡುತ್ತಿದ್ದೇವಲ್ಲ ಎಂದು ಬೇಸರವಾಗುತ್ತದೆ.

‘ಕ್ಷಿಪ್ರ’ ಸೇರಿದ ಮೇಲೆ ತೊಡಕು ಇನ್ನೂ ಜಾಸ್ತಿ. ಬೇಗ ಮುಗಿದ ಕ್ರಾಂತಿ ಎಂಬ ಅರ್ಥ ಬರುತ್ತದೆ. ಹಾಗಾದರೆ ಅದು ನಿಜವಾಗಿ ಹೊಂದುವುದು ನೇಪಾಳಕ್ಕೆ. 2025ರ ಸೆಪ್ಟೆಂಬರ್ 4ರಂದು ಅಲ್ಲಿನ ಸರ್ಕಾರ 26 ಸಾಮಾಜಿಕ ಜಾಲತಾಣಗಳನ್ನು ನಿಷೇಧಿಸಿತು. 8ನೇ ತಾರೀಕು ಹುಡುಗರು ಬೀದಿಗಿಳಿದರು, ಅದೇ ದಿನ 19 ಜನ ಸತ್ತರು. 9ರಂದು ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. 12ಕ್ಕೆ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು. ಇದಕ್ಕಿಂತ ಕ್ಷಿಪ್ರ ಯಾವುದು? ಆದರೆ ಇದನ್ನು ಕ್ಷಿಪ್ರಕ್ರಾಂತಿ ಎಂದು ಬರೆದರೆ ಕಠ್ಮಂಡುವಿನಲ್ಲಿ ಸೇನೆ ಅಧಿಕಾರ ಹಿಡಿಯಿತು ಎಂದೇ ಓದುಗರು ತಿಳಿಯುತ್ತಾರೆ. ಪದದ ಬಿಡಿ ಅರ್ಥ ಒಂದು ಕಡೆ, ಬಳಕೆಯ ಅರ್ಥ ಅದಕ್ಕೆ ತೀರಾ ಎದುರು.

ಇದು ಬರೀ ಪದದ ಹಟ ಅಲ್ಲ. ಸೇನಾಧಿಕಾರಿಗಳಿಗೆ ‘ಕ್ರಾಂತಿ’ ಪದದ ಮೇಲೆ ಮೊದಲಿನಿಂದಲೂ ಆಸೆ. 1958ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಅಧಿಕಾರ ಹಿಡಿದ ಅಯೂಬ್ ಖಾನ್ ಅದನ್ನು ಕ್ರಾಂತಿ ಎಂದೇ ಕರೆದರು, ಅದರ ಹೆಸರಲ್ಲಿ ಉತ್ಸವದ ದಿನವನ್ನೂ ಮಾಡಿಸಿದರು. ಅದೇ ವರ್ಷ ಥಾಯ್ಲೆಂಡಿನಲ್ಲಿ ಸರಿತ್ ತನ್ನ ಕೂಟಕ್ಕೆ ಕ್ರಾಂತಿಕೂಟ ಎಂದು ಹೆಸರಿಟ್ಟರು. ದಕ್ಷಿಣ ಕೊರಿಯಾದಲ್ಲಿ 1961ರ ಮೇ 16ರಂದು ಪಾರ್ಕ್ ಚುಂಗ್ ಹೀ ಮಾಡಿದ್ದು ಬಹಳ ಕಾಲ ‘5-16 ಕ್ರಾಂತಿ’ ಎಂದೇ ನಡೆಯಿತು. ಪ್ರಜಾಪ್ರಭುತ್ವ ಬಂದ ಮೇಲೆ ಆ ಹೆಸರನ್ನು ತೆಗೆದರು. 2021ರಲ್ಲಿ ಮ್ಯಾನ್ಮಾರ್ ಸೇನೆ ಇನ್ನೂ ಮುಂದೆ ಹೋಯಿತು. ನಾವು ಮಾಡಿದ್ದು ಸಂವಿಧಾನದ ಪ್ರಕಾರ ತುರ್ತುಸ್ಥಿತಿ, ಬೇರೆ ಪದ ಬಳಸಬೇಡಿ ಎಂದು ಪತ್ರಿಕೆಗಳಿಗೆ ಸೂಚನೆ ಕೊಟ್ಟಿತು. ಅಲ್ಲಿ ಪತ್ರಕರ್ತರು ಸರಿಯಾದ ಪದ ಬರೆದು ಜೈಲಿಗೆ ಹೋದರು. ಇಲ್ಲಿ ನಮ್ಮನ್ನು ತಡೆಯುವವರು ಯಾರೂ ಇಲ್ಲ. ಆದರೂ ನಾವು ಕ್ರಾಂತಿ ಎಂದು ಬರೆಯುತ್ತಿದ್ದೇವೆ.

ಬೇರೆ ನುಡಿಗಳು ಏನು ಮಾಡಿವೆ ಎಂದು ಹುಡುಕಿದೆ. ಥಾಯ್ ಪದ ‘ರತ್ಥಪ್ರಹಾನ್’. ನಮ್ಮ ‘ರಾಷ್ಟ್ರ’ ಮತ್ತು ‘ಪ್ರಹಾರ’ ಸೇರಿದ್ದು. ಲಾಠಿಪ್ರಹಾರ ಅನ್ನುತ್ತೇವಲ್ಲ, ಅದೇ ಪ್ರಹಾರ. ದೇಶಕ್ಕೆ ಬಿದ್ದ ಏಟು. ಎಷ್ಟು ನೇರ! 1932ರಿಂದ ಈಚೆಗೆ ಹತ್ತಕ್ಕೂ ಜಾಸ್ತಿ ಸಲ ಇದನ್ನು ಕಂಡ ದೇಶದ ಪದ ಅದು. ಬರ್ಮೀ ಪದದಲ್ಲಿರುವುದು ‘ಆಣಾ’, ಜೊತೆಗೆ ವಶ ಮಾಡಿಕೊಳ್ಳುವುದು ಎಂಬ ಅರ್ಥದ ಕ್ರಿಯಾಪದ. ಈ ‘ಆಣಾ’ ಪಾಲಿಯದು, ಅಧಿಕಾರ ಎಂದು ಅರ್ಥ. ನಮ್ಮ ‘ಆಣೆ’ಯೂ ಅದರದೇ ನೆಂಟ, ಎರಡೂ ‘ಆಜ್ಞೆ’ಯಿಂದ ಬಂದವು. ಇದನ್ನು ನೋಡಿದಾಗ ನನಗೆ ಆದ ಖುಷಿ ಹೇಳತೀರದು. ಇನ್ನು ಹಿಂದಿಯ ‘ತಖ್ತಾಪಲಟ್’, ಅಂದರೆ ಗದ್ದುಗೆ ಮಗುಚುವುದು, ನಿಮಗೆಲ್ಲ ಗೊತ್ತೇ ಇದೆ.

ಬಂಗಾಳಿಯದು ಬೇರೆ ದಾರಿ. ಅವರಿಗೆ ಸೇನೆ ಎದ್ದರೂ ‘ಅಭ್ಯುತ್ಥಾನ’, ಜನ ಎದ್ದರೂ ‘ಅಭ್ಯುತ್ಥಾನ’. ಮುಂದೆ ‘ಸಾಮರಿಕ’ ಹಾಕಿದರೆ ಸೇನೆಯದು, ‘ಗಣ’ ಹಾಕಿದರೆ ಜನರದು. 2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟದ್ದು ಜುಲೈ ಗಣ ಅಭ್ಯುತ್ಥಾನದಿಂದ. ಮರಾಠಿಯೂ ಹೆಚ್ಚುಕಡಿಮೆ ಹಾಗೇ. 1857ರದೂ ‘ಉಠಾವ್’ (ಎದ್ದು ನಿಲ್ಲುವುದು), ಮ್ಯಾನ್ಮಾರಿನದು ‘ಲಷ್ಕರೀ ಉಠಾವ್’.

ಬಾಂಗ್ಲಾದೇಶದ ಹೆಸರು ಬಂತು, ಆದ್ದರಿಂದ ಒಂದು ಮಾತು. ಬೀದರ್, ಕಲಬುರಗಿ ಕಡೆಯ ಸದಸ್ಯರಿಗೆ ಇದು ಮುಟ್ಟೀತು. ಬಾಂಗ್ಲಾದೇಶದಲ್ಲಿ ಬೆಂಕಿ ಹಚ್ಚಿದ ಪದ ‘ರಜಾಕಾರ’. ಉರ್ದುವಿನಲ್ಲಿ ಅದಕ್ಕೆ ಸ್ವಯಂಸೇವಕ ಎಂದಷ್ಟೇ ಅರ್ಥ. ನಮ್ಮಲ್ಲಿ 1948ರಲ್ಲಿ ನಿಜಾಮನ ಪರ ನಿಂತ ಪಡೆಯ ನೆನಪು, ಅವರಲ್ಲಿ 1971ರಲ್ಲಿ ಪಾಕಿಸ್ತಾನಿ ಸೇನೆಯ ಜೊತೆ ನಿಂತವರ ನೆನಪು. ಎರಡೂ ಕಡೆ ಬೈಗುಳ. ಮೀಸಲಾತಿ ವಿರೋಧಿಸಿದ ವಿದ್ಯಾರ್ಥಿಗಳ ಮಾತು ಬಂದಾಗ ಹಸೀನಾ ರಜಾಕಾರರ ಮೊಮ್ಮಕ್ಕಳ ಪ್ರಸ್ತಾಪ ತಂದರು. ಆ ರಾತ್ರಿಯೇ ವಿದ್ಯಾರ್ಥಿಗಳು ‘ನೀನು ಯಾರು ನಾನು ಯಾರು, ರಜಾಕಾರ ರಜಾಕಾರ’ ಎಂದು ಕೂಗಿದರು. ಈ ಪದದ ಬಗ್ಗೆ ಯಾರಾದರೂ ಬೇರೆಯೇ ಒಂದು ಚರ್ಚೆ ಶುರು ಮಾಡಬೇಕು.

ಈಗ ‘ದಂಗೆ’. ‘ಸೇನಾದಂಗೆ’ ಅಂದರಾಯಿತಲ್ಲ ಎಂದು ಕೆಲವರು ಹೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ನಮ್ಮಲ್ಲಿ ದಂಗೆ ಏಳುವುದು ಕೆಳಗಿನವರು, ಮೇಲಿನವರ ವಿರುದ್ಧ. ಸಿಪಾಯಿ ದಂಗೆ, 1830ರಲ್ಲಿ ಶಿವಮೊಗ್ಗ ಕಡೆಯ ನಗರ ಸೀಮೆಯ ರೈತರ ದಂಗೆ. 1946ರ ಫೆಬ್ರವರಿ 18ರಂದು ಇದೇ ಮುಂಬೈಯಲ್ಲಿ ‘ತಲ್ವಾರ್’ ನೌಕಾಕೇಂದ್ರದ ನಾವಿಕರು ಬ್ರಿಟಿಷ್ ಅಧಿಕಾರಿಗಳ ವಿರುದ್ಧ ಎದ್ದದ್ದು ದಂಗೆ. ಬಾಂಗ್ಲಾದೇಶದಲ್ಲಿ ಮೂರು ಬಗೆಯವೂ ಆಗಿವೆ ನೋಡಿ. 1975ರ ಆಗಸ್ಟ್ 15ರಂದು ಸೇನಾಧಿಕಾರಿಗಳು ಶೇಖ್ ಮುಜೀಬರನ್ನು ಕೊಂದು ಸರ್ಕಾರ ಉರುಳಿಸಿದರು. 2009ರ ಫೆಬ್ರವರಿಯಲ್ಲಿ ಗಡಿಪಡೆಯ ಜವಾನರು ತಮ್ಮದೇ ಅಧಿಕಾರಿಗಳನ್ನು ಕೊಂದರು. 2024ರಲ್ಲಿ ಜನ ಎದ್ದರು. ಮೂರಕ್ಕೂ ‘ದಂಗೆ’ ಎಂದು ಬರೆದರೆ ಓದುವವರಿಗೆ ಏನು ತಿಳಿದೀತು?

ಜನ ಎದ್ದದ್ದಕ್ಕೂ ನಮಗೆ ಒಳ್ಳೆಯ ಪದ ಬೇಕು. 2022ರಲ್ಲಿ ಶ್ರೀಲಂಕಾದವರು ತಮ್ಮದನ್ನು ‘ಅರಗಲಯ’ ಅಂದರು. ಸಿಂಹಳದಲ್ಲಿ ಹೋರಾಟ ಎಂದು ಅರ್ಥ. ತಮಿಳಿನಲ್ಲಿ ಅದು ‘ಪೋರಾಟ್ಟಂ’, ನಮ್ಮ ‘ಹೋರಾಟ’ದ ಒಡಹುಟ್ಟು. ಆದರೆ ಕನ್ನಡದಲ್ಲಿ ಬಸ್ ದರ ಇಳಿಸಿ ಎನ್ನುವುದೂ ಹೋರಾಟವೇ. ಅಧ್ಯಕ್ಷರ ಮನೆಗೆ ಜನ ನುಗ್ಗಿ, ಗೋಟಬಯ ದೇಶ ಬಿಟ್ಟು ಓಡಿದ್ದಕ್ಕೆ ಆ ಪದ ಸಾಲದು. ನನಗೆ ‘ಜನಬಂಡಾಯ’ ಹಿಡಿಸುತ್ತದೆ. ನರಗುಂದದ ಬಂಡಾಯ, 1980ರ ರೈತರ ಬಂಡಾಯ ಎರಡೂ ಆ ಪದಕ್ಕೆ ಮಾನ ತಂದಿವೆ. ಇಲ್ಲಿ ಮರಾಠಿಗರ ನಡುವೆ ಇರುವ ನಮಗೆ ಒಂದು ಅಳುಕು ಉಂಟು. ‘ಬಂಡ’ ಅಂದರೆ ಇವರಿಗೆ ನೆನಪಾಗುವುದು 2022ರ ಜೂನ್‌ನಲ್ಲಿ ಶಿವಸೇನೆ ಶಾಸಕರು ಪಕ್ಷ ಒಡೆದದ್ದು. ಆ ಬಣದವರೂ ಅದನ್ನು ಬಂಡ ಅಲ್ಲ, ಉಠಾವ್ ಎಂದು ವಾದಿಸಿದರು. ಹೆಸರಿನ ಜಗಳ ಎಲ್ಲ ಕಡೆಯೂ ಇದೆ.

ನಮ್ಮಜ್ಜಿ ಪುತ್ತೂರಿನವರು. 1837ರಲ್ಲಿ ಸುಳ್ಯದಿಂದ ಹೊರಟು ಮಂಗಳೂರು ಹಿಡಿದವರ ಕತೆಯನ್ನು ಅವರು ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ಹೇಳುತ್ತಿದ್ದರು. ಕಾಟಕಾಯಿ ಅಂದರೆ ಲೂಟಿ. ಗೆದ್ದ ಬ್ರಿಟಿಷರಿಗೆ ಹಿತವಾದ ಹೆಸರು ಅದು. ಈಗ ಅದನ್ನು ಅಮರ ಸುಳ್ಯ ಸ್ವಾತಂತ್ರ್ಯ ಹೋರಾಟ ಎಂದು ಕರೆಯುತ್ತೇವೆ. ಹೆಸರು ತಿದ್ದಲು ನೂರು ವರ್ಷಕ್ಕೂ ಜಾಸ್ತಿ ಬೇಕಾಯಿತು.

ಕ್ಷಿಪ್ರಕ್ರಾಂತಿಗೆ ಬದಲಾಗಿ ನನ್ನ ಸೂಚನೆ ‘ಅಧಿಕಾರ ಕಬಳಿಕೆ’. ಸೇನೆಯದಾದರೆ ‘ಸೇನಾ ಕಬಳಿಕೆ’. ‘ಭೂಕಬಳಿಕೆ’ ಈಗಾಗಲೇ ಹಳ್ಳಿಹಳ್ಳಿಗೂ ಗೊತ್ತು. ಅದರಲ್ಲಿ ತೋಳ್ಬಲ ಇರುತ್ತದೆ, ಜೊತೆಗೆ ಕಾಗದಪತ್ರವೂ ಇರುತ್ತದೆ. ಮ್ಯಾನ್ಮಾರಿನಲ್ಲಿ ಸೇನೆ ಮಾಡಿದ್ದು ಅದೇ ಅಲ್ವಾ? ಕೈಯಲ್ಲಿ ಬಂದೂಕು, ಜೇಬಿನಲ್ಲಿ ತಾನೇ ಬರೆಸಿದ 2008ರ ಸಂವಿಧಾನ.

ಇನ್ನೊಂದು ಅನುಕೂಲವೂ ಇದೆ. 2024ರ ಡಿಸೆಂಬರ್ 3ರ ರಾತ್ರಿ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಸೇನಾಡಳಿತ ಘೋಷಿಸಿದರು. ಸಂಸದರು ಓಡೋಡಿ ಬಂದು, ಕೆಲವರು ಬೇಲಿ ಹಾರಿ ಒಳಗೆ ಹೋಗಿ, 190 ಮತಗಳಿಂದ ಅದನ್ನು ತಳ್ಳಿಹಾಕಿದರು. ಒಂದೂ ಮತ ಎದುರು ಬೀಳಲಿಲ್ಲ. ಆಗಲೇ ಅಧಿಕಾರದಲ್ಲಿ ಇರುವವರು ತಮ್ಮ ಪಾಲಿಗಿಂತ ಹೆಚ್ಚು ನುಂಗಲು ಹೋದರೆ ಅದನ್ನು ದಂಗೆ ಅನ್ನಲಾಗದು, ಕ್ರಾಂತಿಯಂತೂ ಅಲ್ಲವೇ ಅಲ್ಲ. ‘ಅಧಿಕಾರ ಕಬಳಿಕೆಯ ಯತ್ನ’ ಅಂದರೆ ಸರಿಯಾಗಿ ಕೂರುತ್ತದೆ.

ಮುಂದಿನ ತಿಂಗಳು ಆ ಹಿರಿಯರಿಗೆ ಉತ್ತರ ಕೊಡಬೇಕು. ಆದ್ದರಿಂದ ಕೇಳುತ್ತಿದ್ದೇನೆ. ‘ಕ್ಷಿಪ್ರಕ್ರಾಂತಿ’ಯನ್ನು ಕನ್ನಡದಲ್ಲಿ ಮೊದಲು ಯಾರು, ಯಾವ ಸುದ್ದಿಗೆ ಬಳಸಿದರು? ಹಳೆಯ ಪತ್ರಿಕೆ ಕೂಡಿಟ್ಟವರು ದಯವಿಟ್ಟು ನೋಡಿ. ‘ಕಬಳಿಕೆ’ ಸುದ್ದಿಯ ತಲೆಬರಹಕ್ಕೆ ತುಸು ಒರಟಾಯಿತೇ? ಪತ್ರಿಕೆಯಲ್ಲಿ ಕೆಲಸ ಮಾಡುವವರು ಹೇಳಬೇಕು. ಮಂಡ್ಯ, ಧಾರವಾಡ, ಬಳ್ಳಾರಿ ಕಡೆ ಆಡುಮಾತಿನಲ್ಲಿ ಗದ್ದುಗೆ ಕಿತ್ತುಕೊಳ್ಳುವುದಕ್ಕೆ ಬೇರೆ ಪದ ಇದ್ದರೆ ಅದನ್ನೂ ತಿಳಿಸಿ.