ಸೈಕಲ್ ಜಿಪಿಎಸ್‌ಗೆ ಉಚಿತ ನಕ್ಷೆ ಹಾಕುವುದು ಹೇಗೆ?

ಪ್ರಶ್ನೆ (ಸುರತ್ಕಲ್‌ನಿಂದ): ಮಾನ್ಯರೇ, ಅಣ್ಣ ಜರ್ಮನಿಯಿಂದ ತಂದುಕೊಟ್ಟ ಗಾರ್ಮಿನ್ ಎಡ್ಜ್ ಎಂಬ ಸೈಕಲ್ ಜಿಪಿಎಸ್ ಸಾಧನ ನನ್ನ ಬಳಿ ಇದೆ. ಅದರಲ್ಲಿ ಯುರೋಪಿನ ನಕ್ಷೆ ವಿವರವಾಗಿದೆ, ನಮ್ಮ ಕಡೆ ಹೆದ್ದಾರಿಯ ಗೆರೆಯನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಾರ್ಕಳ, ಹೆಬ್ರಿ ಮಾರ್ಗವಾಗಿ ಆಗುಂಬೆ ಘಾಟಿ ಹತ್ತುವ ಆಸೆಯಿದೆ. ಹಣ ಕೊಡದೆ ಇಲ್ಲಿನ ನಕ್ಷೆ ಹಾಕಬಹುದೇ? ಹಾಕಿದರೆ ಹಳೆಯದು ಅಳಿಸಿಹೋಗುತ್ತದೆಯೇ?

ಉತ್ತರ: ಖಂಡಿತ ಹಾಕಬಹುದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜಾಗತಿಕ ನಕ್ಷೆಯಲ್ಲಿ ಸ್ವಯಂಸೇವಕರು ಸೇರಿಸಿದ ಮಾಹಿತಿ ಮುಕ್ತ ಪರವಾನಗಿಯಲ್ಲಿ ಸಿಗುವುದರಿಂದ, ಹಲವರು ಅದನ್ನು ಗಾರ್ಮಿನ್ ಓದುವ ರೂಪಕ್ಕೆ ಪರಿವರ್ತಿಸಿ ಉಚಿತವಾಗಿ ಒದಗಿಸುತ್ತಾರೆ. ಬಿಬಿಬೈಕ್ ಎಂಬ ತಾಣದಲ್ಲಿ ಬೇಕಾದಷ್ಟೇ ಜಾಗವನ್ನು ಆಯ್ದುಕೊಳ್ಳಬಹುದು. ಇಡೀ ದೇಶದ ನಕ್ಷೆಗಿಂತ ಕರಾವಳಿಯಿಂದ ಘಾಟಿಯ ಮೇಲಿನವರೆಗಿನ ಒಂದು ಚೌಕ ಸಾಕು, ಕಡತವೂ ಹಗುರವಾಗಿರುತ್ತದೆ. ಸೈಕಲ್‌ಗೆಂದು ಮಾಡಿದ ಗಾರ್ಮಿನ್ ರೂಪವನ್ನು ಆರಿಸಿದರೆ ಜಿಪ್ ಕಡತವನ್ನು ಇಳಿಸಿಕೊಳ್ಳುವ ಕೊಂಡಿ ಇಮೇಲ್‌ಗೆ ಬರುತ್ತದೆ.

ಜಿಪ್ ಬಿಚ್ಚಿದಾಗ ಸಿಗುವ 'ಜಿಮ್ಯಾಪ್‌ಸಪ್' ಎಂಬ ಐಎಂಜಿ ನಕ್ಷೆ ಕಡತವನ್ನು (gmapsupp.img), ಯುಎಸ್‌ಬಿ ತಂತಿಯಿಂದ ಜೋಡಿಸಿದ ಸಾಧನದ 'ಗಾರ್ಮಿನ್' ಫೋಲ್ಡರ್‌ಗೆ ನಕಲಿಸಬೇಕು. ಇಲ್ಲಿಯೇ ಎಚ್ಚರ ಬೇಕು: ಅದೇ ಹೆಸರಿನ ಕಡತ ಅಲ್ಲಿ ಮೊದಲೇ ಇದ್ದರೆ ಹಳೆಯದನ್ನು ಬದಲಾಯಿಸಬೇಕೇ ಎಂದು ಕಂಪ್ಯೂಟರ್ ಕೇಳುತ್ತದೆ, ಒಪ್ಪಿದರೆ ಯುರೋಪಿನ ನಕ್ಷೆ ಹೋದಂತೆಯೇ. ಈಚಿನ ಮಾದರಿಗಳು ಯಾವ ಹೆಸರಿದ್ದರೂ ಓದುವುದರಿಂದ ಹೊಸದಕ್ಕೆ 'ಕರಾವಳಿ' ಎಂಬರ್ಥ ಬರುವ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ, ಐಎಂಜಿ ಎಂಬ ಕೊನೆಯನ್ನು ಮಾತ್ರ ಹಾಗೆಯೇ ಉಳಿಸಿ. ಏನೇ ಮಾಡುವ ಮೊದಲು ಫೋಲ್ಡರ್ ಅನ್ನು ಪೂರ್ತಿಯಾಗಿ ಕಂಪ್ಯೂಟರ್‌ಗೆ ನಕಲಿಸಿಟ್ಟುಕೊಳ್ಳುವುದು ನನ್ನ ಖಡಾಖಂಡಿತ ಸಲಹೆ. ಮಳೆಯಲ್ಲಿ ಓಡಿಸಿ ಬಂದಿದ್ದರೆ ಜೋಡಿಸುವ ಮುನ್ನ ಯುಎಸ್‌ಬಿ ಬಾಯಿಯನ್ನು ಒಣಗಿಸಿಕೊಳ್ಳಿ.

ಮರುಪ್ರಶ್ನೆ: ಧನ್ಯವಾದಗಳು ಸರ್. ನಕ್ಷೆ ಬಂದಿದೆ, ಆದರೆ ದಾರಿಗಳ ಮೇಲೆ ಹಳೆಯ ಗೆರೆಗಳೂ ಸೇರಿ ಕಲಸಿದಂತೆ ಕಾಣುತ್ತಿದೆ.

ಉತ್ತರ: ಎರಡೂ ನಕ್ಷೆಗಳು ಒಟ್ಟಿಗೆ ಚಾಲೂ ಇದ್ದಾಗ ಹೀಗಾಗುತ್ತದೆ. ಸವಾರಿಯ ಪ್ರೊಫೈಲ್‌ನೊಳಗೆ ನ್ಯಾವಿಗೇಷನ್, ಅದರಲ್ಲಿ ಮ್ಯಾಪ್ ಎಂಬಲ್ಲಿಗೆ ಹೋಗಿ ಹೊಸದನ್ನು ಉಳಿಸಿಕೊಂಡು ಉಳಿದವನ್ನು ಆಫ್ ಮಾಡಿ, ಕಡತ ಅಳಿಸಬೇಕಾಗಿಲ್ಲ. ಬಳಿಕ ಮನೆಯಲ್ಲೇ ಕುಳಿತು ಹೆಬ್ರಿಯಿಂದ ಸೋಮೇಶ್ವರದವರೆಗೆ ಪರದೆಯನ್ನು ಸರಿಸಿ, ಅಡ್ಡರಸ್ತೆಗಳೂ ಹೆಸರುಗಳೂ ಕಾಣುತ್ತವೆಯೇ ನೋಡಿ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಕೈಕೊಟ್ಟರೂ ಈ ನಕ್ಷೆಗೆ ಇಂಟರ್ನೆಟ್ ಬೇಡ. ನಿಮ್ಮ ದಾರಿಯನ್ನು ಗುರುತಿಸಿದ ಜಿಪಿಎಕ್ಸ್ (GPX) ಕಡತವಿದ್ದರೆ ಅದನ್ನು ಗಾರ್ಮಿನ್ ಫೋಲ್ಡರ್‌ನೊಳಗಿನ 'ನ್ಯೂಫೈಲ್ಸ್' (NewFiles) ಫೋಲ್ಡರ್‌ಗೆ ಹಾಕಿ.